ಮಂಚದ ಕೆಳಗಿಂದ ಹೊರಗೇ ಬರದ ನಾಯಿ, ದಸರಾ ಬೇರೆ ಹತ್ತಿರ ಬಂತು

ಕುವೆಂಪುನಗರ_ಗೃಹಿಣಿ:
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಹೋದ ತಿಂಗಳು ಒಂದು ಹೆಣ್ಣು ನಾಯಿ ತಂದು ಸಾಕಿಕೊಂಡಿದ್ದೇವೆ. ಬೀದಿನಾಯಿಯೇ. ಎರಡು ವರ್ಷ ಇರಬಹುದು ಅಂತ ಡಾಕ್ಟರು ಹಲ್ಲು ನೋಡಿ ಹೇಳಿದರು. ಸುಬ್ಬಿ ಅಂತ ಕರೀತೀವಿ. ಬಂದಾಗಿನಿಂದ ಮಂಚದ ಕೆಳಗೇ ಠಿಕಾಣಿ. ಕುಕ್ಕರ್ ಕೂಗಿದರೆ ಗೋಡೆಗೆ ಅಂಟಿಕೊಂಡು ನಡುಗುತ್ತದೆ. ನಮ್ಮ ಮನೆಯವರು ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದರೆ ನಿಂತಲ್ಲೇ ಉಚ್ಚೆ ಹೊಯ್ದುಬಿಡುತ್ತದೆ. ಊಟ ಮಾಡೋದು ರಾತ್ರಿ ಎಲ್ಲರೂ ಮಲಗಿದ ಮೇಲೆ.

ಮಾವನವರು ಹಳೇ ಕಾಲದವರು. 'ಎಳೆದು ಹೊರಗೆ ಕಟ್ಟು, ನಾಲ್ಕು ದಿನಕ್ಕೆ ಎಲ್ಲ ಸರಿಹೋಗುತ್ತೆ' ಅಂತಾರೆ. ನಿನ್ನೆ ಅವರೇ ಎಳೆಯೋಕೆ ಹೋದರು, ಗುರ್ ಅಂತು. ಈಗ 'ಕಚ್ಚೋ ನಾಯಿ' ಅಂತ ಹೆಸರು ಬೇರೆ ಬಂದಿದೆ. ಮುದ್ದು ಮಾಡಿದರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಅದು ನಿಜವಾ? ಪಾಪ ಯಾರೋ ಚೆನ್ನಾಗಿ ಹೊಡೆದಿರಬೇಕು ಅನ್ನಿಸುತ್ತದೆ. ದಸರಾ ಆದ ಇಪ್ಪತ್ತು ದಿನಕ್ಕೆ ದೀಪಾವಳಿ, ನೆನೆಸಿಕೊಂಡರೇ ಭಯ ಆಗುತ್ತೆ.

ಮಂಡ್ಯದ_ಹೈದ:
ಅಕ್ಕ, ನಿಮ್ಮ ಮಾವನವರ ಮಾತು ನಮ್ಮೂರಲ್ಲೂ ಎಲ್ಲರ ಬಾಯಲ್ಲೂ ಇದೆ. ಕಟ್ಟಿದರೆ ಸರಿಹೋಗೋ ನಾಯಿ ಸುಮ್ನೆ ಬಿಟ್ಟರೂ ಸರಿಹೋಗುತ್ತೆ, ಅದು ಬೇರೆ ವಿಷಯ. ನಮ್ಮ ಕಡೆ ಕಬ್ಬಿನ ಗದ್ದೆಗೆ ಹಂದಿ ಬರಬಾರದು ಅಂತ ರಾತ್ರಿ ಪಟಾಕಿ ಹೊಡೀತಾರೆ. ನಮ್ಮ ಎರಡು ನಾಯಿ ಒಂದೇ ತಾಯಿಯ ಒಂದೇ ಸೂಲಿನ ಮರಿಗಳು. ಒಂದು ತಲೆ ಕೂಡ ಎತ್ತಲ್ಲ, ಇನ್ನೊಂದು ಮೊದಲ ಸದ್ದಿಗೇ ಕೊಟ್ಟಿಗೆಯ ಹುಲ್ಲಿನೊಳಗೆ ಮಾಯ. ಸಾಕಿದ್ದು ಒಂದೇ ಥರ, ಆದರೂ ಹಂಗೆ.

ಮೈಸೂರಲ್ಲಿದ್ದೀರಾ, ದಸರಾ ಆನೆಗಳನ್ನೇ ನೋಡಿ. ಜಂಬೂಸವಾರಿ ದಿನ 21 ಸುತ್ತು ಕುಶಾಲತೋಪು ಹಾರುತ್ತೆ. ಅವತ್ತು ಬೆದರಬಾರದು ಅಂತ ಆನೆಗೂ ಕುದುರೆಗೂ ಮೊದಲೇ ಫಿರಂಗಿ ಸದ್ದಿನ ತಾಲೀಮು ಕೊಡಿಸ್ತಾರೆ. ನಿಮ್ಮ ಸುಬ್ಬಿಗೂ ಅಂಥದ್ದೇ ಒಂದು ತಾಲೀಮು ಬೇಕು ಅಷ್ಟೆ.

ಬಾಲ_ನೋಡಿ_ಮಾತಾಡಿ:
ಆನೆ ವಿಷಯ ಅರ್ಧ ಸರಿ. ತಾಲೀಮಿನಲ್ಲಿ ಆನೆಗಳ ಕಾಲಿಗೆ ಸರಪಳಿ ಹಾಕಿರುತ್ತಾರೆ, ಪಕ್ಕದಲ್ಲೇ ಮಾವುತ ಇರುತ್ತಾನೆ. ಮೊದಲೇ ಅಭ್ಯಾಸ ಮಾಡಿಸೋದನ್ನು ಮಾತ್ರ ಅಲ್ಲಿಂದ ತಗೊಳ್ಳಿ, ಸರಪಳಿಯನ್ನಲ್ಲ. ಓಡಿಹೋಗೋಕೆ ದಾರಿ ಇಲ್ಲದ ಕಡೆ ಹೆದರಿದ ನಾಯಿಯನ್ನು ನಿಲ್ಲಿಸಿದರೆ ಅದು ಕೊನೆಗೆ ಸುಮ್ಮನಾಗುತ್ತದೆ ನಿಜ, ನಾವು 'ಸರಿಹೋಯ್ತು' ಅಂದುಕೊಳ್ಳುತ್ತೇವೆ, ಆದರೆ ಒಳಗಿನ ಭಯ ಎಲ್ಲೂ ಹೋಗಿರುವುದಿಲ್ಲ.

ಗುರ್ ಅಂದಿದ್ದಕ್ಕೆ ಬೈಯಬೇಡಿ. ದಯವಿಟ್ಟು. ಅದು 'ಹತ್ತಿರ ಬರಬೇಡಿ' ಅನ್ನೋ ಕೊನೆಯ ಎಚ್ಚರಿಕೆ. ಅದಕ್ಕೂ ಮೊದಲು ಸುಬ್ಬಿ ಬೇರೆ ರೀತಿಯಲ್ಲಿ ಹೇಳಿರುತ್ತಾಳೆ, ಯಾರೂ ಗಮನಿಸಿರುವುದಿಲ್ಲ: ತಿನ್ನೋಕೆ ಏನೂ ಇಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಸೆಖೆ ಇಲ್ಲದಿದ್ದರೂ ಏದುಸಿರು. ಗುರ್ ಅನ್ನೋದನ್ನು ಹೊಡೆದು ಬಿಡಿಸಿದರೆ ಮುಂದಿನ ಸಲ ಸದ್ದೇ ಇಲ್ಲದೆ ಬಾಯಿ ಹಾಕುತ್ತಾಳೆ.

ಹೊಡೆದಿರಬೇಕು ಅನ್ನೋದೂ ಗ್ಯಾರಂಟಿ ಇಲ್ಲ. ಮರಿಗಳಿಗೆ ಸುಮಾರು 3ರಿಂದ 14 ವಾರದ ಒಳಗೆ ಏನೇನು ಕಂಡು ಕೇಳಿ ರೂಢಿಯಾಗುತ್ತದೋ ಅದು ಆಮೇಲೆ ಮಾಮೂಲು ಅನ್ನಿಸುತ್ತದೆ. ಬೀದಿಯಲ್ಲಿ ಬೆಳೆದವಳಿಗೆ ಬಸ್ಸಿನ ಹಾರ್ನ್ ಗೊತ್ತು, ನಾಲ್ಕು ಗೋಡೆಯ ನಡುವಿನ ಕುಕ್ಕರ್ ಗೊತ್ತಿಲ್ಲ. ನಮ್ಮ ಕಿವಿಗೆ 20 ಸಾವಿರ ಹರ್ಟ್ಸ್‌ವರೆಗೆ ಕೇಳಿದರೆ ಅವುಗಳಿಗೆ ಸುಮಾರು 45 ಸಾವಿರದವರೆಗೆ ಕೇಳುತ್ತದೆ. ಆ ಸೀಟಿ ಅವಳಿಗೆ ಹೇಗಿರಬಹುದು ಲೆಕ್ಕ ಹಾಕಿ.

ಈಗ ಮಾಡೋದು ಏನು ಅಂದರೆ, ಮಂಚದ ಕೆಳಗಿನ ಜಾಗ ಅವಳದ್ದು. ಅಲ್ಲಿಗೆ ಯಾರೂ ಕೈ ಹಾಕಬಾರದು, ಮಕ್ಕಳಂತೂ ಹೋಗಲೇಬಾರದು. ನೀವು ದೂರದಲ್ಲಿ ನೆಲದ ಮೇಲೆ ಓರೆಯಾಗಿ ಕೂತು, ಅವಳನ್ನು ನೋಡದೆ, ಬೇಯಿಸಿದ ಕೋಳಿ ತುಂಡು ಒಂದೊಂದೇ ಎಸೆಯಿರಿ (ಉಪ್ಪು, ಈರುಳ್ಳಿ ಹಾಕದ್ದು, ನಾಯಿಗೆ ಈರುಳ್ಳಿ ವಿಷ). ಕೈಯಿಂದಲೇ ತಿನ್ನಲಿ ಅಂತ ಆಸೆಪಟ್ಟು ಕರೆಯಬೇಡಿ. ಕೋಳಿಯ ಆಸೆಗೆ ಹತ್ತಿರ ಬಂದು, ತಿಂದಾದ ಮೇಲೆ 'ಅಯ್ಯೋ ಇಷ್ಟು ಹತ್ತಿರ ಬಂದುಬಿಟ್ಟೆನಲ್ಲ' ಅಂತ ಗಾಬರಿ ಬೀಳುವ ನಾಯಿಗಳೇ ಜಾಸ್ತಿ. ಅವಳು ಹತ್ತಿರ ಬಂದರೆ ತುಂಡನ್ನು ಅವಳ ಹಿಂದಕ್ಕೆ ಎಸೆಯಿರಿ, ತಿನ್ನೋಕೂ ದೂರ ಹೋಗೋಕೂ ಒಟ್ಟಿಗೇ ಅವಕಾಶ ಸಿಗಲಿ. ಎಷ್ಟು ದೂರ ಅನ್ನೋದು ಅವಳ ತೀರ್ಮಾನ. ಅದೊಂದು ಬಿಟ್ಟುಕೊಟ್ಟರೆ ಉಳಿದ ಕೆಲಸ ಸಲೀಸು.

ಹೆಲ್ಮೆಟ್ ಗೇಟಿನ ಹೊರಗೇ ತೆಗೆಯಲಿ. ಇನ್ನೊಂದು ಹೊತ್ತಿನಲ್ಲಿ ಅದನ್ನು ಹಾಲಿನ ಆ ಮೂಲೆಯಲ್ಲಿ ಸುಮ್ನೆ ಇಟ್ಟು ಕೋಳಿ ಕೊಡಿ. ಹೆಲ್ಮೆಟ್ ಮೊದಲು ಕಾಣಬೇಕು, ಕೋಳಿ ಆಮೇಲೆ ಬರಬೇಕು. ತಿರುಗಾಮುರುಗಾ ಆದರೆ ಕೋಳಿ ಕಂಡಾಗಲೂ ಹೆದರೋಕೆ ಶುರು ಮಾಡ್ತಾಳೆ. ಕುಕ್ಕರ್ ಸದ್ದಿಗೂ ಇದೇ ಲೆಕ್ಕ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಆಮೇಲೆ ತಿಂಡಿ. ತಿನ್ನೋದು ನಿಲ್ಲಿಸಿದರೆ ಸದ್ದು ಜಾಸ್ತಿಯಾಯ್ತು ಅಂತ ಅರ್ಥ. ಈ ಅಭ್ಯಾಸ ಮುಗಿಯೋವರೆಗೆ ನಿಜವಾದ ಕುಕ್ಕರ್ ಇಡುವಾಗ ಅಡುಗೆಮನೆ ಬಾಗಿಲು ಹಾಕಿ.

ಮುದ್ದಿನ ವಿಷಯ: ಅದು ಹಳೇ ಕಥೆ. ಭಯ ಒಂದು ಭಾವನೆ, ಸಮಾಧಾನ ಮಾಡಿದರೆ ಹೆಚ್ಚಾಗಲ್ಲ. ಅವಳಾಗಿ ಬಂದು ಒರಗಿದರೆ ಧಾರಾಳವಾಗಿ ಸವರಿ, ನೀವಾಗಿ ಹೋಗಿ ತಬ್ಬಿಕೊಳ್ಳಬೇಡಿ.

ಕುವೆಂಪುನಗರ_ಗೃಹಿಣಿ:
ತುಂಬಾ ಥ್ಯಾಂಕ್ಸ್. ಇವತ್ತು ಹಾಲಿನ ಈ ತುದಿಯಲ್ಲಿ ಕೂತು ಎಸೆದೆ. ಮೊದಲು ಮೂತಿ ಮಾತ್ರ ಹೊರಗೆ ಬಂತು, ಹಿಂಗಾಲು ಮಂಚದ ಕೆಳಗೇ, ಕತ್ತು ಉದ್ದ ಮಾಡಿ ಎಳೆದುಕೊಂಡು ಹೋಯಿತು. ದೀಪಾವಳಿಗೆ ನಿದ್ದೆ ಮಾತ್ರೆ ಕೊಡಬಹುದಾ? ಪರಿಚಯದವರೊಬ್ಬರು ಅರ್ಧ ಮಾತ್ರೆ ಹಾಕಿ ಮಲಗಿಸಿ ಅಂದರು.

ದನದ_ಡಾಕ್ಟ್ರು:
ನಾನು ಮಂಡ್ಯ ಕಡೆ ಪಶುವೈದ್ಯ. ಮನುಷ್ಯರ ಮಾತ್ರೆ ಬೇಡವೇ ಬೇಡ. ಎಸಿಪ್ರೊಮಝಿನ್ ಅಂತ ಒಂದು ಹಳೇ ಔಷಧಿ ಇದೆ, ಅದೊಂದನ್ನೇ ಕೊಟ್ಟರೆ ಮೈ ಏಳಲ್ಲ, ಆದರೆ ಭಯ ಹಾಗೇ ಇರುತ್ತದೆ. ನಾಯಿ ಬಿದ್ದುಕೊಂಡಿದೆ ಅಂತ ಮನೆಯವರಿಗೆ ಸಮಾಧಾನ, ಒಳಗೆ ಅದಕ್ಕೆ ನರಕ. ಟ್ರಾಝೊಡೋನ್, ಗ್ಯಾಬಪೆಂಟಿನ್ ಥರದವು ಇದಕ್ಕಿಂತ ವಾಸಿ. ಆದರೆ ತೂಕ, ಲಿವರ್, ಕಿಡ್ನಿ ನೋಡಿಯೇ ಪ್ರಮಾಣ ಹೇಳೋದು, ಇಲ್ಲಿ ಬರೆಯಲ್ಲ. ಈಗಲೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಹಬ್ಬಕ್ಕೆ ಮೊದಲು ಒಂದು ಸದ್ದಿಲ್ಲದ ದಿನ ಕೊಟ್ಟು ನೋಡಿ. ಹಬ್ಬದ ದಿನ ಸದ್ದು ಶುರುವಾಗುವ ಮೊದಲೇ ಕೊಡಬೇಕು. ನಡುಗೋಕೆ ಶುರುವಾದ ಮೇಲೆ ಕೊಟ್ಟರೆ ಅಷ್ಟಕ್ಕಷ್ಟೆ.

ಹಾಗೇ ಸೊಂಟ, ಮಂಡಿ, ಹಲ್ಲು, ಕಿವಿ ಪರೀಕ್ಷೆ ಮಾಡಿಸಿ. ಎಲ್ಲೋ ನೋವಿರುವ ನಾಯಿ ಸದ್ದಿಗೆ ಇನ್ನೂ ಜಾಸ್ತಿ ಬೆಚ್ಚುತ್ತದೆ, ನಾವು ಸ್ವಭಾವ ಅಂದುಕೊಂಡು ಬಿಟ್ಟುಬಿಡ್ತೀವಿ.

ಪಟಾಕಿಗೆ ರಾತ್ರಿ 8ರಿಂದ 10 ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಬೀದಿಗಳಿಗೆ ಅದಿನ್ನೂ ತಲುಪಿಲ್ಲ ಬಿಡಿ. ಸಂಜೆ ಬೆಳಕಿರುವಾಗಲೇ ಹೊರಗೆ ಓಡಾಡಿಸಿ ಬನ್ನಿ, ಕಿಟಕಿ ಮುಚ್ಚಿ, ಫ್ಯಾನು ಟಿವಿ ಹಾಕಿ. ಗೇಟಿನ ಚಿಲಕ ಎರಡು ಸಲ ನೋಡಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆಸಿ. ಪಟಾಕಿಗೆ ಹೆದರಿ ಓಡಿದ ನಾಯಿಗೆ ಮನೆ ದಾರಿ ನೆನಪಿರಲ್ಲ.

ಕುವೆಂಪುನಗರ_ಗೃಹಿಣಿ:
ಮಾವನವರಿಗೆ ಎಲ್ಲ ಓದಿ ಹೇಳಿದೆ. ನನ್ನ ಮಾತಿಗೆ 'ಹೂಂ' ಅಂದಿರಲಿಲ್ಲ, ದನದ ಡಾಕ್ಟ್ರು ಅಂದ ತಕ್ಷಣ ಒಪ್ಪಿದರು. ಇನ್ನು ಕೋಳಿ ಎಸೆಯೋದು ತಮ್ಮ ಕೆಲಸವಂತೆ.

ಬಾಲ_ನೋಡಿ_ಮಾತಾಡಿ:
ಒಳ್ಳೇದೇ ಆಯ್ತು, ಎಳೆಯೋಕೆ ಹೋದವರೇ ತಿನ್ನಿಸಬೇಕು. ಆದರೆ ಕೂತು ದಿಟ್ಟಿಸಿ ನೋಡೋದು ಬೇಡ, ಪೇಪರ್ ಓದುತ್ತಾ ಎಸೆಯಲಿ. ನಿಮಗಿಂತ ಇನ್ನೂ ಸ್ವಲ್ಪ ದೂರದಿಂದ ಶುರು ಮಾಡೋಕೆ ಹೇಳಿ.