17 ಇಂಚಿನ ವೀಲ್ ಹಾಕಿಸಿದ ಮೇಲೆ 90ರ ಹತ್ತಿರ ಸ್ಟೇರಿಂಗ್ ನಡುಗುತ್ತಿದೆ (ಬಲೆನೊ, ಕಾರವಾರ–ಬೆಂಗಳೂರು ಓಡಾಟ)

ಪ್ರಶ್ನೆ, ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಬಲೆನೊ ಕಾರು, ಕೆಳಗಿನ ವೇರಿಯಂಟ್. ಕಂಪನಿಯಿಂದ ಬಂದದ್ದು 185/65 ಆರ್15 ಟೈರ್ (ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ 65 ಪರ್ಸೆಂಟ್, ರಿಮ್ 15 ಇಂಚು), ಸ್ಟೀಲ್ ರಿಮ್. ಕೆಲಸದ ಮೇಲೆ ತಿಂಗಳಿಗೆ ಮೂರು ಸಲ ಬೆಂಗಳೂರಿಗೆ ಹೋಗಬೇಕು. ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ ದಾರಿ. ಒಂದು ಸಲ ಹೋಗಿ ಬಂದರೆ ಸಾವಿರ ಕಿಲೋಮೀಟರ್ ದಾಟುತ್ತದೆ.

ದೊಡ್ಡ ವೀಲ್ ಇದ್ದರೆ ಹೈವೇಯಲ್ಲಿ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ, ದೂರ ಹೋದರೂ ಆಯಾಸ ಆಗುವುದಿಲ್ಲ ಅಂತ ಅಂಗಡಿಯಲ್ಲಿ ಹೇಳಿದರು. ಹೋದ ತಿಂಗಳು 17 ಇಂಚಿನ ಅಲಾಯ್ ಹಾಕಿಸಿದೆ, ಟೈರ್ 205/45. ಅವತ್ತಿನಿಂದ ಹುಬ್ಬಳ್ಳಿ ದಾಟಿ 85–90 ಮುಟ್ಟಿದರೆ ಸಾಕು, ಸ್ಟೇರಿಂಗ್ ನಡುಗಲು ಶುರು. ಬ್ಯಾಲೆನ್ಸಿಂಗ್ ಎರಡು ಸಲ ಆಯಿತು, ಅಲೈನ್‌ಮೆಂಟ್ ಒಂದು ಸಲ. ಏನೂ ವ್ಯತ್ಯಾಸ ಇಲ್ಲ. ಮೈಲೇಜ್ ಕೂಡ ಇಳಿದಿದೆ. ಹಿಂದೆ ಕೂತ ಅಮ್ಮ ಸೊಂಟ ನೋವು ಅನ್ನುತ್ತಾರೆ. ಮೊನ್ನೆ ಅಂಕೋಲಾ ಹತ್ತಿರ ಒಂದು ಹೊಂಡಕ್ಕೆ ಬಿದ್ದೆ. ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಬಂದಿದೆ. ದಯವಿಟ್ಟು ದಾರಿ ಹೇಳಿ.

ಉತ್ತರ, ಹೊನ್ನಾವರದಿಂದ

ಮೊದಲು ಆ ಉಬ್ಬಿನ ವಿಷಯ. ಟೈರಿನ ಗೋಡೆಯ ಒಳಗಿನ ನೂಲು ಹರಿದಿದೆ, ಗಾಳಿ ಹೊರಗಿನ ರಬ್ಬರನ್ನು ದೂಡುತ್ತಿದೆ. ಇದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. ಇವತ್ತೇ ತೆಗೆದು ಸ್ಟೆಪ್ನಿ ಹಾಕಿ. ಘಟ್ಟದಲ್ಲಿ ಮುಂದಿನ ಟೈರ್ ಒಡೆದರೆ ಗಾಡಿ ಕೈಗೆ ಸಿಗುವುದಿಲ್ಲ.

ನಡುಕದ ಬಗ್ಗೆ ಮೂರು ಪ್ರಶ್ನೆ. ಸ್ಟೇರಿಂಗ್ ಮಾತ್ರ ನಡುಗುತ್ತದಾ, ಸೀಟೂ ನಡುಗುತ್ತದಾ? ಬ್ರೇಕ್ ಹಿಡಿದಾಗ ಜಾಸ್ತಿ ಆಗುತ್ತದಾ? ಮುಂದಿನ ವೀಲ್ ಹಿಂದೆ ಹಾಕಿ ನೋಡಿದ್ದೀರಾ?

ಪ್ರಶ್ನೆ ಕೇಳಿದವರು

ಟೈರ್ ತೆಗೆದೆ, ಧನ್ಯವಾದ. ಬ್ರೇಕ್‌ಗೂ ನಡುಕಕ್ಕೂ ಸಂಬಂಧ ಇಲ್ಲ. ಹೆಚ್ಚಾಗಿ ಸ್ಟೇರಿಂಗ್, ಸ್ವಲ್ಪ ಸೀಟು. ಉಬ್ಬು ಬರುವ ಮೊದಲೇ ಹಿಂದೆ ಮುಂದೆ ಬದಲಿಸಿ ನೋಡಿದ್ದೆ, ಆಗಲೂ ಹಾಗೇ ಇತ್ತು.

ಉತ್ತರ, ಶಿರಸಿಯಿಂದ

ನನ್ನದೂ ನಿಮ್ಮ ಹಾಗೇ ಬಲೆನೊ, ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬ್ರೇಕ್ ಹಿಡಿದಾಗ ಜಾಸ್ತಿ ಆಗದಿದ್ದರೆ ಬ್ರೇಕ್ ಡಿಸ್ಕ್ ಮೇಲೆ ಅನುಮಾನ ಬೇಡ. ಹಿಂದೆ ಮುಂದೆ ಬದಲಿಸಿದರೂ ಹೋಗಲಿಲ್ಲ ಅಂದರೆ ನಾಲ್ಕೂ ವೀಲ್‌ಗೆ ಒಂದೇ ಕಾಯಿಲೆ ಇರಬಹುದು. ಒಂದು ವೀಲ್ ಬಿಚ್ಚಿ. ವೀಲ್ ಕೂರುವ ಗಾಡಿಯ ಭಾಗಕ್ಕೆ ಹಬ್ ಅನ್ನುತ್ತಾರೆ. ಅದರ ನಡುವೆ ಹೊರಗೆ ಚಾಚಿದ ದುಂಡನೆಯ ಅಂಚು ಕಾಣುತ್ತದೆ. ಬಲೆನೊದಲ್ಲಿ ಅದು 54.1 ಮಿ.ಮೀ. ಈಗ ಅಲಾಯ್ ತಿರುಗಿಸಿ ನಡುವಿನ ತೂತು ಅಳೆಯಿರಿ. ಹೊರಗೆ ಸಿಗುವ ಅಲಾಯ್‌ಗಳನ್ನು ಬೇರೆ ಬೇರೆ ಗಾಡಿಗೆ ಹೊಂದಲಿ ಅಂತ ದೊಡ್ಡ ತೂತಿನಲ್ಲೇ ಮಾಡುತ್ತಾರೆ. ನನ್ನದು 67.1 ಇತ್ತು. ಅಂದರೆ ಸುತ್ತಲೂ ಆರೂವರೆ ಮಿ.ಮೀ. ಖಾಲಿ. ಬೆರಳು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಆ ಖಾಲಿ ಜಾಗ ತುಂಬಲು ಒಂದು ಬಳೆ ಬೇಕು. ಹಬ್ ರಿಂಗ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ವೀಲ್ ಬರೀ ನಾಲ್ಕು ನಟ್‌ಗಳ ಮೇಲೆ ಕೂರುತ್ತದೆ. ಒಂದು ನಟ್ ಮೊದಲೇ ಬಿಗಿಯಾದರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. 40ರಲ್ಲಿ ಗೊತ್ತೇ ಆಗುವುದಿಲ್ಲ. 90ರಲ್ಲಿ ಕೈ ಜೋಮು ಹಿಡಿಯುತ್ತದೆ.

ಬ್ಯಾಲೆನ್ಸಿಂಗ್ ಮಾಡಿಸಿದರೂ ಯಾಕೆ ಹೋಗಲಿಲ್ಲ ಅಂದರೆ, ಆ ಯಂತ್ರ ವೀಲನ್ನು ನಡುವಿನ ತೂತಿಗೆ ಕೋನ್ ಹಾಕಿ ಹಿಡಿಯುತ್ತದೆ. ಅಲ್ಲಿ ವೀಲ್ ಸರಿಯಾಗಿ ನಡುವಿಗೇ ಕೂರುತ್ತದೆ, ಯಂತ್ರ ಸೊನ್ನೆ ತೋರಿಸುತ್ತದೆ. ಗಾಡಿಗೆ ಹಾಕಿದಾಗ ಮತ್ತೆ ಪಕ್ಕಕ್ಕೆ. ಹತ್ತು ಸಲ ಮಾಡಿಸಿದರೂ ಅಷ್ಟೇ.

ಅಳತೆ ತೆಗೆದುಕೊಂಡು ಹೋಗಿ ನಾಲ್ಕು ರಿಂಗ್ ತನ್ನಿ. ಒಳಗೆ 54.1, ಹೊರಗೆ ನಿಮ್ಮ ಅಲಾಯ್ ತೂತಿನ ಅಳತೆ. ಘಟ್ಟ ಇಳಿಯುವಾಗ ಬ್ರೇಕ್ ಕಾದು ಹಬ್ ಬಿಸಿ ಆಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬದಲು ಅಲ್ಯೂಮಿನಿಯಂ ತಗೊಳ್ಳಿ. ನೀವಿರುವುದು ಕಡಲ ಪಕ್ಕ, ಉಪ್ಪು ಗಾಳಿಗೆ ಅಲ್ಯೂಮಿನಿಯಂ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಹಬ್ಬನ್ನು ಬ್ರಶ್‌ನಲ್ಲಿ ಉಜ್ಜಿ, ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಹಾಕಿ. ಗ್ರೀಸ್, ನಟ್ ಕೂರುವ ಸ್ಟಡ್‌ಗೂ ಡಿಸ್ಕ್‌ಗೂ ತಾಗಬಾರದು. ವೀಲ್ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಎದುರು ಬದುರಾಗಿ ಕೈಯಲ್ಲಿ ಬಿಗಿ ಮಾಡಿ. ಕೆಳಗಿಳಿಸಿದ ಮೇಲೆ ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಏರ್ ಗನ್‌ನಲ್ಲಿ ಟರ್ ಅಂತ ಬಿಗಿ ಮಾಡಲು ಬಿಡಬೇಡಿ.

ಇಷ್ಟಕ್ಕೆ ನಡುಕ ಹೋಗುತ್ತದೆ. ಆದರೆ ಅಮ್ಮನ ಸೊಂಟ ನೋವು ಹೋಗುವುದಿಲ್ಲ. ಟೈರಿನ ಗೋಡೆಯ ಎತ್ತರ ಲೆಕ್ಕ ಹಾಕಿ: 185ರಲ್ಲಿ 65 ಪರ್ಸೆಂಟ್ ಅಂದರೆ 120 ಮಿ.ಮೀ. 205ರಲ್ಲಿ 45 ಪರ್ಸೆಂಟ್ ಅಂದರೆ 92. ಹೆಚ್ಚುಕಡಿಮೆ ಎರಡು ಬೆರಳಷ್ಟು ಮೆತ್ತೆ ಹೋಯಿತು. ನಮ್ಮ ಹೊಂಡಗಳ ಪೆಟ್ಟು ಮೊದಲು ತಿನ್ನುವುದು ಆ ಗೋಡೆಯೇ ಅಲ್ವಾ? ಅದು ಗಿಡ್ಡ ಆದರೆ ಪೆಟ್ಟು ರಿಮ್‌ಗೆ, ಅಲ್ಲಿಂದ ಸಸ್ಪೆನ್ಶನ್‌ಗೆ, ಕೊನೆಗೆ ಕೂತವರ ಸೊಂಟಕ್ಕೆ. ನಿಮ್ಮ ಉಬ್ಬು ಬಂದದ್ದೂ ಹಾಗೇ.

ಮೈಲೇಜ್ ಇಳಿದದ್ದಕ್ಕೆ ಅಗಲವೂ ಕಾರಣ, ತೂಕವೂ ಕಾರಣ. ನಮ್ಮ ಮನೆಯ ಅಡಿಕೆ ತೂಗುವ ಕಾಟಾ ಮೇಲೆ ಎರಡೂ ಇಟ್ಟು ನೋಡಿದ್ದೆ. ಹಳೆ ಸ್ಟೀಲ್ ವೀಲ್ ಟೈರ್ ಸಮೇತ ಹದಿನೈದು ಕಿಲೋ ಚಿಲ್ಲರೆ. 17 ಇಂಚಿನದು ಹತ್ತೊಂಬತ್ತು. ಅಲಾಯ್ ಅಂದರೆ ಹಗುರ ಅಂತ ಸುಮ್ನೆ ನಂಬಿದ್ದೆ.

ದೊಡ್ಡದು ಬೇಕೇ ಬೇಕು ಅಂದರೆ 195/55 ಆರ್16 ಹಾಕಿ. ಬಲೆನೊದ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ಅಳತೆ ಅದು. ಒಟ್ಟು ವ್ಯಾಸ 621 ಮಿ.ಮೀ., ನಿಮ್ಮ ಹಳೆಯದೂ ಅಷ್ಟೇ, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಗೋಡೆ 107 ಉಳಿಯುತ್ತದೆ. ಒಂದೂವರೆ ವರ್ಷದಿಂದ ನಾನು ಅದರಲ್ಲೇ ಬೆಂಗಳೂರಿಗೆ ಹೋಗಿ ಬರುತ್ತಿದ್ದೇನೆ. ತಿರುವಿನಲ್ಲಿ ಹಿಡಿತ ಚೆನ್ನಾಗಿದೆ, ಹೊಂಡಕ್ಕೂ ತಡೆಯುತ್ತದೆ.

ಉತ್ತರ, ಕುಮಟಾದಿಂದ

ಮೇಲಿನವರು ಹೇಳಿದ್ದು ಸರಿ. ಎರಡು ವಿಷಯ ಸೇರಿಸುತ್ತೇನೆ. ಟೈರಿನ ಮೇಲೆ ಅಳತೆಯ ನಂತರ ಇರುವ ಅಂಕಿ ನೋಡಿ. ಹಳೆಯದರಲ್ಲಿ 88 ಇರುತ್ತದೆ, ಅಂದರೆ ಒಂದು ಟೈರ್ 560 ಕಿಲೋ ಹೊರುತ್ತದೆ. 205/45 ಆರ್17ರಲ್ಲಿ 84 ಇದ್ದರೆ ಬರೀ 500 ಕಿಲೋ. ಐದು ಜನ, ಡಿಕ್ಕಿ ತುಂಬ ಸಾಮಾನು, ಘಟ್ಟ, ಇದಕ್ಕೆಲ್ಲ ಅದು ಒಳ್ಳೆಯದಲ್ಲ.

ಇನ್ನೊಂದು ಮಳೆ. ಆಷಾಢದಲ್ಲಿ 66ರ ಹೈವೇ ಮೇಲೆ ನೀರು ನಿಂತಾಗ ಅಗಲದ ಟೈರ್ ಬೇಗ ನೀರಿನ ಮೇಲೆ ತೇಲುತ್ತದೆ. ಸ್ಟೇರಿಂಗ್ ಒಮ್ಮೆಲೇ ಹಗುರ ಆಗುತ್ತದೆ. ನನಗೆ ಮಿರ್ಜಾನ್ ಹತ್ತಿರ ಹಾಗಾಗಿತ್ತು, ಈಗಲೂ ನೆನೆದರೆ ಮೈ ನಡುಗುತ್ತದೆ. ಯಾವ ಅಳತೆ ಹಾಕಿದರೂ ಮಳೆಗೆ ಮೊದಲು ಟೈರಿನ ಮೇಲಿನ ತೋಡು ಎಷ್ಟು ಆಳ ಉಳಿದಿದೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನದ ಮೇಲೆ

ಅಳೆದೆ. ನನ್ನದೂ 67.1! ರಿಂಗ್ ಇರಲೇ ಇಲ್ಲ. ನಾಲ್ಕು ತರಿಸಿ, ಉಬ್ಬಿದ ಟೈರಿನ ಬದಲು ಹೊಸದು ಹಾಕಿಸಿ, ಹೇಳಿದ ಹಾಗೆ ಬಿಗಿ ಮಾಡಿದೆ. ಹುಬ್ಬಳ್ಳಿಯಿಂದ ಹಾವೇರಿ ತನಕ 95ರಲ್ಲಿ ಹೋದೆ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ನೋಡಿದೆ, ನಡುಕ ಪೂರ್ತಿ ಹೋಗಿದೆ. ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಟೈರ್ ಮೇಲೆ ನೋಡಿದೆ, 84 ಅಂತಲೇ ಇದೆ. ಮನೆಗೆ ಬಂದು 17 ಇಂಚಿನದು ಬಿಚ್ಚಿಟ್ಟು ಹಳೆ ಸ್ಟೀಲ್ ವೀಲನ್ನೇ ಹಾಕಿದ್ದೇನೆ. ಮೊನ್ನೆ ಅಮ್ಮ ಯಲ್ಲಾಪುರದಲ್ಲಿ ನಿದ್ದೆ ಹೋದವರು ಹಾವೇರಿಯಲ್ಲಿ ಎದ್ದರು. ಮಳೆಗಾಲದೊಳಗೆ 195/55 ಆರ್16 ಹಾಕಿಸಬೇಕು. ಹಗುರವಾದ 16 ಇಂಚಿನ ಅಲಾಯ್ ತೂಗಿ ನೋಡಿದವರು ಇದ್ದರೆ ತೂಕ ಎಷ್ಟು ಬಂತು ಅಂತ ತಿಳಿಸಿ.