ಕ್ಲೌಡ್ ಇಮೇಜ್‌ನ ಬೂಟ್ ಸ್ಕ್ರಿಪ್ಟ್‌ನಲ್ಲಿ ಒಂಬತ್ತು ಸೆಡ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಡೆಬಿಯನ್ ಮತ್ತು ಫೆಡೋರಾ ಲಿನಕ್ಸ್‌ಗಳ ಕ್ಲೌಡ್ ಇಮೇಜ್ (ಕ್ಲೌಡ್ ಮೆಷಿನ್ ಬೂಟ್ ಆಗುವ ಸಿದ್ಧ ಡಿಸ್ಕ್ ಪ್ರತಿ) ತಯಾರಿಸುವ ಒಂದು ಹಳೆಯ ಶೆಲ್ ಸ್ಕ್ರಿಪ್ಟ್ ನನ್ನ ಪಾಲಿಗೆ ಬಂದಿದೆ. ಬೂಟ್‌ಗೆ ಸೇರಿದ ಭಾಗವೇ 300 ಸಾಲು ದಾಟುತ್ತದೆ. ಗ್ರಬ್ (ಕರ್ನಲ್ ಲೋಡ್ ಮಾಡುವ ಬೂಟ್‌ಲೋಡರ್) ಕಾನ್ಫಿಗ್ ತಯಾರಾದ ಮೇಲೆ ಅದರ ಮೇಲೆ ಒಂದರ ಹಿಂದೆ ಒಂದು ಒಂಬತ್ತು ಸೆಡ್ (ಫೈಲ್‌ನ ಪಠ್ಯ ಬದಲಿಸುವ ಕಮಾಂಡ್) ಓಡುತ್ತವೆ. ಬರೆದವರು ತಂಡ ಬಿಟ್ಟು ಹೋಗಿದ್ದಾರೆ. ಎಲ್ಲ ಅಳಿಸಿ ಹೊಸದಾಗಿ ಬರೆದರೆ ಆಗುತ್ತದಾ?

ಉತ್ತರ: ಈಗಲೇ ಅಳಿಸಬೇಡಿ. ಆ ಒಂದೊಂದು ಸೆಡ್ಡೂ ಯಾವತ್ತೋ ಬೂಟ್ ಆಗದೆ ನಿಂತ ಇಮೇಜ್‌ಗೆ ಹಾಕಿದ ತೇಪೆ. ತೇಪೆಯ ಕೆಳಗೆ ತೂತು ಇನ್ನೂ ಇದೆಯಾ ಎಂದು ಮೊದಲು ನೋಡಬೇಕು. ನಿಮಗೆ ಅರ್ಥವಾಗದ ನಾಲ್ಕನ್ನು ಇಲ್ಲಿ ಹೇಳಿ.

ಪ್ರಶ್ನೆ: ಒಂದು, ಕರ್ನಲ್ ಸಾಲಿನಲ್ಲಿ ರೂಟ್ ಎಂದಿರುವಲ್ಲಿ ಲೂಪ್ ಡಿವೈಸ್ (ಇಮೇಜ್ ಫೈಲ್ ಅನ್ನು ಡಿಸ್ಕ್‌ನಂತೆ ತೋರಿಸುವುದು) ಹೆಸರು ತೆಗೆದು ಲೇಬಲ್ ಹಾಕುತ್ತದೆ. ಇನ್ನೊಂದು ಸೀರಿಯಲ್ ಕನ್ಸೋಲ್ (ಬೂಟ್ ಸಂದೇಶಗಳನ್ನು ಪಠ್ಯವಾಗಿ ಹೊರಗೆ ಕಳಿಸುವ ದಾರಿ) ಸೇರಿಸುತ್ತದೆ. ಮತ್ತೊಂದು ಮೆನುವಿನಿಂದ ಬಿಲ್ಡ್ ಸರ್ವರ್‌ನ ಓಎಸ್ ಅಳಿಸುತ್ತದೆ. ಕೊನೆಯದು ಎಲಿವೇಟರ್ ನೂಪ್ (ಡಿಸ್ಕ್ ಕೆಲಸಗಳ ಸರದಿ ತೀರ್ಮಾನಿಸುವ ಕರ್ನಲ್ ಆಯ್ಕೆ) ಸೇರಿಸುತ್ತದೆ.

ಉತ್ತರ: ಲೂಪ್ ಡಿವೈಸ್‌ನದೇ ಮುಖ್ಯ, ಅದನ್ನು ಮೊದಲು ಹೇಳುತ್ತೇನೆ. ಕಾನ್ಫಿಗ್ ತಯಾರಿಸುವ ಗ್ರಬ್-ಎಂಕೆಕಾನ್ಫಿಗ್ ರೂಟ್‌ಗೆ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತು ಸಂಖ್ಯೆ) ಬರೆಯುವ ಮೊದಲು ಆ ಯುಯುಐಡಿಯ ಕೊಂಡಿ ಡೆವ್ ಡೈರೆಕ್ಟರಿಯ ಒಳಗೆ ಇದೆಯಾ ಎಂದು ನೋಡುತ್ತದೆ. ಇಲ್ಲದಿದ್ದರೆ ಎದುರಿಗೆ ಸಿಕ್ಕ ಡಿವೈಸ್ ಹೆಸರನ್ನೇ ಬರೆದುಬಿಡುತ್ತದೆ. ಆ ಕೊಂಡಿ ಮಾಡಿಕೊಡುವುದು ಹೋಸ್ಟ್‌ನ (ಬಿಲ್ಡ್ ಸರ್ವರ್‌ನ) ಯುಡೆವ್, ಅಂದರೆ ಡಿವೈಸ್ ಹೆಸರುಗಳನ್ನು ನೋಡಿಕೊಳ್ಳುವ ಸೇವೆ. ನಿಮ್ಮ ಸ್ಕ್ರಿಪ್ಟ್ ಕ್ರೂಟ್ ಮಾಡುವಾಗ (ಇಮೇಜ್ ಒಳಗೆ ಹೋಗಿ ಕಮಾಂಡ್ ಓಡಿಸುವಾಗ) ಹೋಸ್ಟ್‌ನ ಡೆವ್ ಅನ್ನು ಒಳಗೆ ಬೈಂಡ್ ಮೌಂಟ್ ಮಾಡುತ್ತಿಲ್ಲ (ಅದೇ ಡೈರೆಕ್ಟರಿ ಒಳಗೂ ಕಾಣುವಂತೆ ಮಾಡುತ್ತಿಲ್ಲ) ಅಂತ ಕಾಣುತ್ತದೆ. ಅದೊಂದು ಸಾಲು ಸೇರಿಸಿ ನೋಡಿ, ಸೆಡ್ ಬೇಕಾಗುವುದಿಲ್ಲ. ಕಂಟೈನರ್ ಒಳಗೆ ಬಿಲ್ಡ್ ಮಾಡುತ್ತಿದ್ದರೆ ಮಾತ್ರ ಬೇರೆ ದಾರಿ ಬೇಕು. ಅಲ್ಲಿ ಸಾಮಾನ್ಯವಾಗಿ ಯುಡೆವ್ ಓಡುವುದಿಲ್ಲ.

ಸೀರಿಯಲ್ ಕನ್ಸೋಲ್ ಬೇಕೇ ಬೇಕು. ಕ್ಲೌಡ್‌ನಲ್ಲಿ ಬೂಟ್ ನಿಂತರೆ ನಿಮಗೆ ಕಾಣುವುದು ಅದೊಂದೇ. ಆದರೆ ಗ್ರಬ್ ಕಾನ್ಫಿಗ್ ಯಂತ್ರ ಬರೆದ ಫೈಲ್. ಬಳಕೆದಾರ ಮೊದಲ ಸಲ ಕರ್ನಲ್ ಅಪ್‌ಡೇಟ್ ಮಾಡಿದಾಗ ಅದು ಮತ್ತೆ ಹುಟ್ಟುತ್ತದೆ, ನಿಮ್ಮ ಸೆಡ್ ಮಾಡಿದ್ದೆಲ್ಲ ಹೋಗುತ್ತದೆ. ಇಮೇಜ್ ಕೊಟ್ಟ ದಿನ ಸರಿ, ಎರಡು ತಿಂಗಳಾದ ಮೇಲೆ ಕನ್ಸೋಲ್ ಖಾಲಿ! ಡೆಬಿಯನ್ ಮತ್ತು ಉಬುಂಟುವಿನಲ್ಲಿ ಇಟಿಸಿ ಡಿಫಾಲ್ಟ್ ಅಡಿಯಲ್ಲಿ 'ಗ್ರಬ್.ಡಿ' ಎಂಬ ಡೈರೆಕ್ಟರಿಯನ್ನೂ ಗ್ರಬ್-ಎಂಕೆಕಾನ್ಫಿಗ್ ಓದಿಕೊಳ್ಳುತ್ತದೆ. ಅಲ್ಲಿ ನಿಮ್ಮದೇ ಒಂದು ಸಣ್ಣ ಫೈಲ್ ಇಡಿ. ಉಬುಂಟುವಿನ ಕ್ಲೌಡ್ ಇಮೇಜ್‌ಗಳೂ ಹೀಗೇ ಮಾಡುತ್ತವೆ. ಕನ್ಸೋಲ್ ಅನ್ನು 'ಡಿಫಾಲ್ಟ್' ಎಂದು ಕೊನೆಯಾಗುವ ವೇರಿಯಬಲ್‌ಗೆ ಹಾಕಬೇಡಿ, ಅದು ರಿಕವರಿ ಎಂಟ್ರಿಗೆ ಹೋಗುವುದಿಲ್ಲ. ಮೆಷಿನ್ ಕೆಟ್ಟಾಗಲೇ ಕನ್ಸೋಲ್ ಬೇಕು, ಅಲ್ವಾ? ಎರಡು ಕನ್ಸೋಲ್ ಕೊಟ್ಟರೆ ಕೊನೆಯದೇ ಮುಖ್ಯ ಕನ್ಸೋಲ್ ಆಗುತ್ತದೆ. ಹಾಗಾಗಿ ಸೀರಿಯಲ್ ಕೊನೆಯಲ್ಲಿರಲಿ.

ಮೆನುವಿನಲ್ಲಿ ಬಿಲ್ಡ್ ಸರ್ವರ್‌ನ ಓಎಸ್ ಬರುವುದು ಡಿಸ್ಕ್‌ಗಳಲ್ಲಿ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್‌ನಿಂದ. ಅದೇ ಸಣ್ಣ ಫೈಲ್‌ನಲ್ಲಿ ಅದನ್ನು ನಿಲ್ಲಿಸಿ. ಗ್ರಬ್ 2.06 ರಿಂದ (2021) ಅದು ತಾನಾಗಿಯೇ ಆಫ್ ಇರುತ್ತದೆ, ಆದರೂ ಬರೆದಿಟ್ಟರೆ ಒಳ್ಳೆಯದು. ಎಲಿವೇಟರ್ ನೂಪ್ ಸುಮ್ನೆ ಕಿತ್ತುಹಾಕಿ. ನೂಪ್ ಇದ್ದ ಹಳೆಯ ಬ್ಲಾಕ್ ಲೇಯರ್ ಅನ್ನೇ 2019 ರಲ್ಲಿ ಕರ್ನಲ್ 5.0 ತೆಗೆದುಹಾಕಿತು.

ಇನ್ನೊಬ್ಬ ಸದಸ್ಯರು: ಮಧ್ಯೆ ಬಂದೆ, ಕ್ಷಮಿಸಿ. ಫೆಡೋರಾದಲ್ಲಿ ಡಿಫಾಲ್ಟ್ ಗ್ರಬ್ ಫೈಲ್ ಬದಲಿಸಿದರೂ ಹೊಸ ಕರ್ನಲ್‌ಗೆ ನಮ್ಮ ಆಯ್ಕೆ ಹೋಗುತ್ತಿಲ್ಲ. ಬದಲಿಗೆ ಎಲ್ಲಿಂದಲೋ ಬೇರೆ ಆಯ್ಕೆಗಳು ಬಂದು ಕೂತಿವೆ.

ಉತ್ತರ: ಫೆಡೋರಾ 30 ರಿಂದ ಒಂದೊಂದು ಕರ್ನಲ್‌ಗೆ ಒಂದೊಂದು ಸಣ್ಣ ಎಂಟ್ರಿ ಫೈಲ್. ಬೂಟ್ ಅಡಿಯ 'ಲೋಡರ್ ಎಂಟ್ರೀಸ್'‌ನಲ್ಲಿ ಸಿಗುತ್ತವೆ. ಅವನ್ನು ಬರೆಯುವುದು ಕರ್ನಲ್-ಇನ್‌ಸ್ಟಾಲ್. ಅದು ಮೊದಲು ಇಟಿಸಿ ಕರ್ನಲ್ ಅಡಿಯ 'ಸಿಎಂಡಿಲೈನ್' ಫೈಲ್ ಹುಡುಕುತ್ತದೆ. ಸಿಗದಿದ್ದರೆ ಈಗ ಓಡುತ್ತಿರುವ ಕರ್ನಲ್‌ನ ಆಯ್ಕೆಗಳನ್ನೇ ನಕಲು ಮಾಡುತ್ತದೆ. ಬಿಲ್ಡ್ ಹೊತ್ತಿನಲ್ಲಿ ಓಡುತ್ತಿರುವುದು ಯಾವ ಕರ್ನಲ್? ನಿಮ್ಮ ಬಿಲ್ಡ್ ಸರ್ವರ್‌ನದು! ನಿಮಗೆ ಕಂಡ ಬೇರೆ ಆಯ್ಕೆಗಳು ಅಲ್ಲಿಂದ ಬಂದಿರಬೇಕು. ಕರ್ನಲ್ ಪ್ಯಾಕೇಜ್ ಹಾಕುವ ಮೊದಲೇ ಆ ಸಿಎಂಡಿಲೈನ್ ಫೈಲ್ ಬರೆದಿಡಿ. ಆಮೇಲೆ ಬರೆದರೆ ಮೊದಲ ಎಂಟ್ರಿ ಕೆಟ್ಟೇ ಇರುತ್ತದೆ.

ಪ್ರಶ್ನೆ: ಯುಇಎಫ್‌ಐ (ಹೊಸ ಬಗೆಯ ಫರ್ಮ್‌ವೇರ್) ಭಾಗದಲ್ಲಿ ಏನಾದರೂ ಎಚ್ಚರ ಬೇಕಾ ಮೇಡಂ? ಈಗ ಗ್ರಬ್-ಇನ್‌ಸ್ಟಾಲ್ ಬರಿದೇ ಓಡಿಸುತ್ತಿದ್ದೇವೆ.

ಉತ್ತರ: ಇವತ್ತೇ ನಿಲ್ಲಿಸಿ. ಇದರಲ್ಲಿ ನನ್ನ ಕೈ ಸುಟ್ಟಿದೆ. ಕ್ರೂಟ್ ಒಳಗೆ ಹೋಸ್ಟ್‌ನ ಇಎಫ್‌ಐ ವೇರಿಯಬಲ್‌ಗಳು ಕಾಣುತ್ತಿದ್ದರೆ, ಗ್ರಬ್-ಇನ್‌ಸ್ಟಾಲ್ ಬಿಲ್ಡ್ ಮೆಷಿನ್‌ನ ಫರ್ಮ್‌ವೇರ್‌ನಲ್ಲೇ ಬೂಟ್ ಎಂಟ್ರಿ ಬರೆಯುತ್ತದೆ. ಬರೆಯುವ ಮೊದಲು ಅದೇ ಹೆಸರಿನ ಹಳೆಯ ಎಂಟ್ರಿ ಅಳಿಸುತ್ತದೆ. ನಾನು ಡೆಬಿಯನ್ ಮೆಷಿನ್ ಮೇಲೆ ಡೆಬಿಯನ್ ಇಮೇಜ್ ಕಟ್ಟುತ್ತಿದ್ದೆ. ಇಮೇಜ್ ಚೆನ್ನಾಗಿಯೇ ಬಂತು. ಆದರೆ ರೀಬೂಟ್ ಮಾಡಿದ ಮೇಲೆ ಬಿಲ್ಡ್ ಮೆಷಿನ್ ಏಳಲೇ ಇಲ್ಲ.

ಡೆಬಿಯನ್‌ನಲ್ಲಿ 'ನೋ-ಎನ್‌ವಿರಾಮ್' ಮತ್ತು 'ರಿಮೂವಬಲ್' ಎರಡೂ ಆಯ್ಕೆ ಕೊಡಿ. ಮೊದಲನೆಯದು ಫರ್ಮ್‌ವೇರ್ ಮುಟ್ಟುವುದಿಲ್ಲ. ಎರಡನೆಯದು ಲೋಡರ್ ಅನ್ನು 'ಇಎಫ್‌ಐ ಬೂಟ್' ಡೈರೆಕ್ಟರಿಯ ಒಳಗೆ 'ಬೂಟ್‌ಎಕ್ಸ್64' ಹೆಸರಿನಲ್ಲಿ ಇಡುತ್ತದೆ. ಬೂಟ್ ಎಂಟ್ರಿ ಒಂದೂ ಇಲ್ಲದ ಹೊಸ ವರ್ಚುವಲ್ ಮೆಷಿನ್ ಹುಡುಕುವುದು ಅದನ್ನೇ. ಫೆಡೋರಾದಲ್ಲಿ ಯುಇಎಫ್‌ಐಗಾಗಿ ಗ್ರಬ್-ಇನ್‌ಸ್ಟಾಲ್ ಓಡಿಸಲೇಬೇಡಿ. ಶಿಮ್ (ಗ್ರಬ್‌ಗಿಂತ ಮೊದಲು ಓಡುವ ಸಣ್ಣ ಲೋಡರ್) ಮತ್ತು ಗ್ರಬ್ ಪ್ಯಾಕೇಜ್‌ಗಳು ಸಹಿ ಮಾಡಿದ ಫೈಲ್‌ಗಳನ್ನು ತಾವೇ ಜಾಗಕ್ಕೆ ಹಾಕುತ್ತವೆ.

ಪ್ರಶ್ನೆ: ಅದೇ ಸಮಯಕ್ಕೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಕರ್ನಲ್ ಬಳಸುವ ಸಣ್ಣ ಫೈಲ್‌ಸಿಸ್ಟಮ್) ಕೂಡ ನೋಡಬೇಕಾ?

ಉತ್ತರ: ಹೌದು, ಆದರೆ ಕೆಲಸ ಸಣ್ಣದು. ಬಿಲ್ಡ್ ಮೆಷಿನ್‌ನ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್ ಅಷ್ಟೇ ಸೇರಿ ಉಳಿದವು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಡೆಬಿಯನ್‌ನಲ್ಲಿ ಮಾಡ್ಯೂಲ್ಸ್ 'ಮೋಸ್ಟ್' ಇರಲಿ. ಫೆಡೋರಾದಲ್ಲಿ ಅದನ್ನು ತಯಾರಿಸುವ ಡ್ರಾಕಟ್‌ನ ಜೆನೆರಿಕ್ ಕಾನ್ಫಿಗ್ ಪ್ಯಾಕೇಜ್ ಹಾಕಿ.

ಪ್ರಶ್ನೆ: ನಾಲ್ಕು ದಿನ ಬಿಟ್ಟು ಬಂದೆ ಮೇಡಂ. ಎಂಟು ಸೆಡ್ ಹೋದವು. ಡೆಬಿಯನ್‌ಗೆ ಒಂದು ಫೈಲ್, ಫೆಡೋರಾಗೆ ಒಂದು ಫೈಲ್ ಉಳಿದಿದೆ. ವರ್ಚುವಲ್ ಮೆಷಿನ್ ಓಡಿಸುವ ಕ್ಯೂಇಎಂಯುನಲ್ಲಿ ಬೂಟ್ ಆಯಿತು. ಒಂಬತ್ತನೆಯದು ಎನ್‌ವಿಎಂಇ (ಡಿಸ್ಕ್ ಜೋಡಿಸುವ ಒಂದು ಬಗೆ) ಟೈಮ್‌ಔಟ್ ಅನ್ನು 4294967295 ಮಾಡುತ್ತದೆ. ತೆಗೆಯಲಾ?

ಉತ್ತರ: ಅದು ಉಳಿಯಲಿ. ಅಮೆಜಾನ್‌ನ ಇಬಿಎಸ್ ಡಿಸ್ಕ್ ಎನ್‌ವಿಎಂಇ ಆಗಿ ಕಾಣುತ್ತದೆ. ಆ ಡಿಸ್ಕ್ ನೆಟ್‌ವರ್ಕ್ ಮೂಲಕ ಬರುತ್ತದೆ, ಆ ನೆಟ್‌ವರ್ಕ್ ಸ್ವಲ್ಪ ತಡೆದರೆ ಕರ್ನಲ್ ಅವಸರದಲ್ಲಿ ಎರರ್ ಕೊಡಬಾರದು ಎಂದು ಅಮೆಜಾನ್ ಹೇಳಿಕೊಟ್ಟ ಸಂಖ್ಯೆ ಅದು. ಸೆಡ್‌ನಿಂದ ತೆಗೆದು ಆ ಎರಡು ಫೈಲ್‌ಗಳಿಗೆ ಹಾಕಿ, ಡೆಬಿಯನ್‌ನ ಫೈಲ್‌ನಲ್ಲಿ ಮೇಲೊಂದು ಕಾಮೆಂಟ್ ಬರೆಯಿರಿ.

ಬೂಟ್ ಆಯಿತು ಎಂದಿರಿ, ಸೀಬಯಾಸ್ (ಹಳೆಯ ಬಯಾಸ್ ಬಗೆ) ಮತ್ತು ಒವಿಎಂಎಫ್ (ಯುಇಎಫ್‌ಐ ಬಗೆ) ಎರಡರಲ್ಲೂ ನೋಡಿದಿರಾ? ನೋಡಿದ್ದರೆ ಇನ್ನೊಂದು ಹೆಜ್ಜೆ ಇದೆ. ಒಳಗೆ ಹೋಗಿ ಬೇರೆ ಆವೃತ್ತಿಯ ಕರ್ನಲ್ ಹಾಕಿ, ರೀಬೂಟ್ ಮಾಡಿ, ಪ್ರೋಕ್ ಸಿಎಂಡಿಲೈನ್ (ಓಡುತ್ತಿರುವ ಕರ್ನಲ್‌ನ ಆಯ್ಕೆಗಳ ಸಾಲು) ಅನ್ನು ಮೊದಲಿನದರ ಜೊತೆ ಹೋಲಿಸಿ. ಕರ್ನಲ್ ಆವೃತ್ತಿ ಬಿಟ್ಟು ಬೇರೆ ಏನೂ ಬದಲಾಗಿರಬಾರದು. ಬದಲಾಗಿದ್ದರೆ ಎರಡೂ ಸಾಲು ಇಲ್ಲಿ ಹಾಕಿ, ನೋಡುತ್ತೇನೆ.