ಸೋಂಕು ಬಂದ ಹೊತ್ತಲ್ಲಿ ಜೀವಕೋಶ ತನ್ನದೇ ಪ್ರೋಟೀನನ್ನು ಯಾಕೆ ಒಡೆಯುತ್ತದೆ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಬ್ಯಾಕ್ಟೀರಿಯಾ ಬಂದಿದೆ ಅಂತ ಸುಳಿವು ಸಿಕ್ಕ ಕೂಡಲೇ ಜೀವಕೋಶ 'ಐ-ಕಪ್ಪಾ-ಬಿ' ಅನ್ನೋ ತನ್ನದೇ ಪ್ರೋಟೀನನ್ನು ಒಡೆದು ಹಾಕುತ್ತದೆ ಎಂದು ಓದಿದೆ. ಹೋರಾಡಬೇಕಾದಾಗ ಇದ್ದದ್ದನ್ನು ಯಾಕೆ ನಾಶ ಮಾಡಬೇಕು? ಹೊಸದನ್ನು ತಯಾರಿಸಬೇಕಲ್ವಾ?

ಉತ್ತರ: ನಮಸ್ತೆ ಸರ್. ಹೊಸದಾಗಿ ತಯಾರಿಸಲು ಹೊತ್ತು ಹಿಡಿಯುತ್ತದೆ, ಒಡೆಯುವುದು ಬೇಗ. ಸೋಂಕಿನ ವಿರುದ್ಧ ಹೋರಾಡಲು ಬೇಕಾದ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಅನ್ನೋ ಪ್ರೋಟೀನ್ ಜೀವಕೋಶದಲ್ಲಿ ಮೊದಲೇ ಇರುತ್ತದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಕಂಡುಹಿಡಿದದ್ದು ಇದನ್ನೇ. ಐ-ಕಪ್ಪಾ-ಬಿ ಇದನ್ನು ಹಿಡಿದುಕೊಂಡು ನ್ಯೂಕ್ಲಿಯಸ್ಸಿನ ಹೊರಗೇ ನಿಲ್ಲಿಸಿರುತ್ತದೆ. ಹಿಡಿದವನು ಹೋದರೆ ಸಾಕು, ಇದು ಒಳಗೆ ಹೋಗುತ್ತದೆ.

ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜೀವಕೋಶಗಳಿಗೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನಾದ ಟಿಎನ್‌ಎಫ್ ಹಾಕಿ, ಬೇರೆ ಬೇರೆ ಹೊತ್ತಿಗೆ ತೆಗೆದು ವೆಸ್ಟರ್ನ್ ಬ್ಲಾಟ್ (ಒಂದು ಪ್ರೋಟೀನ್ ಎಷ್ಟಿದೆ ಎಂದು ಗೆರೆಯಾಗಿ ತೋರಿಸುವ ಪರೀಕ್ಷೆ) ಮಾಡುತ್ತೇವೆ. ಶುರುವಿನಲ್ಲಿ ಐ-ಕಪ್ಪಾ-ಬಿ ಗೆರೆ ದಪ್ಪ, ಕಪ್ಪು. 15 ನಿಮಿಷಕ್ಕೆ ಹೆಚ್ಚುಕಡಿಮೆ ಮಾಯ. ಸುಮಾರು ಒಂದು ಗಂಟೆಗೆ ಅದೇ ಜಾಗದಲ್ಲಿ ಮತ್ತೆ ಹಾಜರು. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಪ್ರಶ್ನೆ: ಇಷ್ಟೊಂದು ಪ್ರೋಟೀನುಗಳಲ್ಲಿ ಇದನ್ನೇ ಒಡೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ? ವಾಪಸ್ ಯಾಕೆ ಬರುತ್ತದೆ?

ಉತ್ತರ: ಸುಳಿವು ಸಿಕ್ಕಾಗ ಐಕೆಕೆ ಅನ್ನೋ ಕಿಣ್ವ ಐ-ಕಪ್ಪಾ-ಬಿಯ 32 ಮತ್ತು 36ನೇ ಸ್ಥಾನದ ಸೆರಿನ್ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಎರಡು ಗುರುತು ಕಂಡರೆ ಮಾತ್ರ ಬೀಟಾ-ಟಿಆರ್‌ಸಿಪಿ ಅನ್ನೋ ಪ್ರೋಟೀನ್ ಬಂದು ಹಿಡಿಯುತ್ತದೆ, ಯುಬಿಕ್ವಿಟಿನ್ ಅನ್ನೋ ಚಿಕ್ಕ ಪ್ರೋಟೀನುಗಳ ಸರಪಳಿ ಕಟ್ಟಿಸುತ್ತದೆ. ಸರಪಳಿ ಬಿದ್ದದ್ದನ್ನು ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಒಳಗೆಳೆದು ಕತ್ತರಿಸುತ್ತದೆ. ಯುಬಿಕ್ವಿಟಿನ್ ಅಂಟಿಸಿ ಪ್ರೋಟೀನ್ ಒಡೆಯುವ ಈ ದಾರಿಯನ್ನು ಕಂಡುಹಿಡಿದವರಿಗೇ 2004ರ ರಸಾಯನಶಾಸ್ತ್ರ ನೊಬೆಲ್ ಸಿಕ್ಕಿದ್ದು.

ಪಾಠದಲ್ಲಿ ನೀವು ಒತ್ತಿ ಹೇಳಬೇಕಾದದ್ದು ಎರಡನೇ ಪ್ರಶ್ನೆಯ ಉತ್ತರ. ನ್ಯೂಕ್ಲಿಯಸ್ಸಿಗೆ ಹೋದ ಎನ್‌ಎಫ್-ಕಪ್ಪಾ-ಬಿ ಚಾಲೂ ಮಾಡುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯದ್ದೂ ಒಂದು! ತನ್ನನ್ನು ಕಟ್ಟಿಹಾಕುವವನನ್ನು ತಾನೇ ಮಾಡಿಸುತ್ತದೆ. ಜೊತೆಗೆ ಎ20 ಅನ್ನೋ ಪ್ರೋಟೀನನ್ನೂ ಮಾಡಿಸುತ್ತದೆ. ಅದು ಮೇಲಿನ ಹಂತದಲ್ಲೇ ಸಂದೇಶ ತಡೆಯುತ್ತದೆ. ಎ20 ಇಲ್ಲದ ಇಲಿಗಳು ತೀವ್ರ ಉರಿಯೂತದಿಂದ ಎಳೆಯದರಲ್ಲೇ ಸಾಯುತ್ತವೆ. ಆ ಜೀನಿನ ಒಂದು ಪ್ರತಿ ಕೆಟ್ಟಿರುವ ಮಕ್ಕಳಿಗೆ ಪದೇ ಪದೇ ಜ್ವರ, ಬಾಯಿಹುಣ್ಣು ಬರಬಹುದು. ಸೋಂಕೇ ಇಲ್ಲದಿದ್ದರೂ ಉರಿಯೂತ ನಿಲ್ಲುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮ ತಂದೆಗೆ ಮಲ್ಟಿಪಲ್ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್. ಬೋರ್ಟೆಜೊಮಿಬ್ ಇಂಜೆಕ್ಷನ್ ಜೊತೆ ಎಸೈಕ್ಲೋವಿರ್ ಮಾತ್ರೆಯನ್ನೂ ಬರೆದಿದ್ದಾರೆ. ಸೋಂಕೇ ಇಲ್ಲ, ಸುಮ್ನೆ ಯಾಕೆ?

ಉತ್ತರ: ಸುಮ್ನೆ ಅಲ್ಲ. ಬೋರ್ಟೆಜೊಮಿಬ್ ತಡೆಯುವುದು ಮೇಲೆ ಹೇಳಿದ ಪ್ರೋಟಿಯಾಸೋಮನ್ನೇ. ಕ್ಯಾನ್ಸರ್ ಕೋಶಗಳಲ್ಲಿ ಬೇಡದ ಪ್ರೋಟೀನ್ ರಾಶಿ ಬಿದ್ದು ಅವು ಸಾಯುತ್ತವೆ. ಆದರೆ ರೋಗನಿರೋಧಕ ಕೋಶಗಳ ಕೆಲಸವೂ ಕುಂದುತ್ತದೆ. ಆಗ ಚಿಕ್ಕಂದಿನ ಚಿಕನ್‌ಪಾಕ್ಸ್ ವೈರಸ್ ನರಗಳಲ್ಲಿ ಅಡಗಿದ್ದರೆ ಎದ್ದು ಬಂದು ಸರ್ಪಸುತ್ತು ಆಗಬಹುದು. ಮಾತ್ರೆ ಅದನ್ನು ತಡೆಯಲಿಕ್ಕೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮೈಯ ಒಂದೇ ಪಕ್ಕದಲ್ಲಿ ಉರಿ, ನೋವು, ನೀರುಗುಳ್ಳೆ ಕಂಡರೆ ಅದೇ ದಿನ ಅವರಿಗೆ ತೋರಿಸಿ.